ಡಬ್ಬಿಯ ಮೇಲೆ ಬರೆಯದ್ದು

ಫೆಬ್ರವರಿ 5, ಸೋಮವಾರ. ಹಳಿಯಾಳ

ಈ ವಹಿಯಲ್ಲಿ ಇಲ್ಲೀತನಕ ತೂಕ, ದಂಡ, ಬೈಠಕ್, ತಿಂದದ್ದು ಇಷ್ಟೇ ಬರೆಯುತ್ತಿದ್ದೆ. ಅಂದಾನೆಪ್ಪ ವಸ್ತಾದರ ತಾಲೀಮಿನಲ್ಲಿ ಕುಸ್ತಿ ಕಲಿಯುವ ಹುಡುಗಿಯರೆಲ್ಲ ಹಾಗೆ ಬರೆಯಬೇಕು, ವಾರಕ್ಕೊಮ್ಮೆ ಅವರಿಗೆ ತೋರಿಸಬೇಕು. ಇನ್ನು ತೋರಿಸುವುದೇನಿಲ್ಲ. ಇನ್ನು ಇದು ನನ್ನೊಬ್ಬಳದೇ ವಹಿ.

ಮುಂಜಾನೆ ಕಣದ ಮಣ್ಣು ಹದ ಮಾಡುತ್ತಿದ್ದೆ. ವಸ್ತಾದರು ಹೊರಗೆ ಕರೆದರು. ಕೈಯಲ್ಲಿ ಫೋನು.

"ರೀನಾ, ಏನ ತಿಂದೀ?"

"ರೊಟ್ಟಿ, ಹೆಸರಕಾಳ ಪಲ್ಯಾರಿ…"

"ಅದನ್ನ ಕೇಳಲಿಲ್ಲ ನಾ."

ರಾಷ್ಟ್ರೀಯ ಕುಸ್ತಿಯಲ್ಲಿ ನನಗೆ ಬೆಳ್ಳಿ ಬಂದ ದಿನ ಮೂತ್ರ ಪರೀಕ್ಷೆಗೆ ಒಯ್ದಿದ್ದರಲ್ಲ, ಅದರಲ್ಲಿ ಸ್ಟೀರಾಯ್ಡ್ ಸಿಕ್ಕಿದೆಯಂತೆ. ವಿಚಾರಣೆ ಮುಗಿಯುವ ತನಕ ಕುಸ್ತಿ ಬಂದ್. ಏಪ್ರಿಲ್‌ನ ಶಿಬಿರ ಇಲ್ಲ. ತಾಲೀಮಿನೊಳಗೆ ಕಾಲಿಡುವ ಹಾಗೂ ಇಲ್ಲ. ವಸ್ತಾದರು ಹೇಳುತ್ತಿದ್ದರು, ನಾನು ಅವರ ಕಾಲ್ಬೆರಳಿಗೆ ಹತ್ತಿದ್ದ ಕೆಂಪು ಮಣ್ಣನ್ನೇ ನೋಡುತ್ತಿದ್ದೆ.

ನಾನು ಹೊರಗಿನದು ತಿಂದದ್ದು ಒಂದೇ. ದಾಂಡೇಲಿಯ ಅಜಯ ಕೊಟ್ಟದ್ದು. ಹಳದಿ ಮುಚ್ಚಳದ ಡಬ್ಬಿಯಲ್ಲಿ ತಾಕತ್ತಿನ ಪುಡಿ, ಜೊತೆಗೆ ದಿನಾ ಮುಂಜಾನೆ ನುಂಗುವ ಬಣ್ಣಬಣ್ಣದ ವಿಟಮಿನ್ ಗುಳಿಗೆ. ಅಲ್ಲಿ ಅವನದೊಂದು ಜಿಮ್ಮು, ಅದರ ಮುಂದೆಯೇ ಅಂಗಡಿ. "ಬರೇ ರೊಟ್ಟಿ ತಿಂದು ಮೆಡಲ್ ಬರೂ ಕಾಲ ಹೋತು ತಂಗಿ" ಅಂದಿದ್ದ. "ಇದರಾಗ ಏನೂ ಕಲಸಿಲ್ಲ ಹೌದಿಲ್ಲೋ ಅಣ್ಣಾ?" ಎಂದು ಕೇಳಿಯೇ ಕೇಳಿದ್ದೆ. ಎದೆಯ ಮೇಲೆ ಕೈಯಿಟ್ಟು, "ಉಳವಿ ಚೆನ್ನಬಸವಣ್ಣನಾಣಿ" ಅಂದಿದ್ದ.

ಗಂಟು ಕಟ್ಟಿಕೊಂಡು ಹೊರಟಾಗ ಸುಮಿತಾ ಬಾಗಿಲಲ್ಲೇ ಇದ್ದಳು. ಎರಡು ವರ್ಷದಿಂದ ನನ್ನ ಜೋಡಿ ಅವಳು. ಅವಳನ್ನು ಎತ್ತಿ ಒಗೆದೇ ನಾನು ಕಲಿತದ್ದು, ನನ್ನನ್ನು ತಡೆದೇ ಅವಳು ಕಲಿತದ್ದು. ಮುಖ ಆಚೆ ತಿರುಗಿಸಿದಳು.

ಇಬ್ಬರ ಹೆಸರನ್ನೂ ಬರೆದಿಡುತ್ತೇನೆ. ಅಜಯ. ಸುಮಿತಾ.

ಫೆಬ್ರವರಿ 8, ಗುರುವಾರ. ತಾಂಡಾ

ಸನವಳ್ಳಿಯಲ್ಲಿ ಬಸ್ಸಿಳಿದು ನಮ್ಮ ತಾಂಡಾಕ್ಕೆ ನಡೆದು ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಬೆಳ್ಳಿ ಗೆದ್ದಾಗ ಹಲಗೆ ಬಾರಿಸಿಕೊಂಡು ಕರೆತಂದ ದಾರಿ ಇದೇ. ಇವತ್ತು ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿದರು, ನಾನು ದಾಟಿದ ಮೇಲೆ ಹೊಳ್ಳಿ ಶುರು ಮಾಡಿದರು.

ಯಾಡಿ, ಅಂದರೆ ನನ್ನ ಅವ್ವ ಸೋಮಿಬಾಯಿ, ರೊಟ್ಟಿ ಬಡಿಯುತ್ತಲೇ ಇದ್ದಳು. ಉಂಡಾದ ಮೇಲೆ ನನ್ನ ತೋಳು ಹಿಡಿದು ನೋಡಿದಳು, ಸಂತೆಯಲ್ಲಿ ಆಡು ನೋಡಿದ ಹಾಗೆ.

"ಈ ಮೈ ನಾ ಮಾಡಿದ್ದು. ಯಾವ ಡಬ್ಬಿ ಮಾಡಿದ್ದಲ್ಲ. ಡಬ್ಬಿ ಕೊಟ್ಟವನ ಲೆಕ್ಕ ಸೇವಾಲಾಲ ನೋಡ್ಕೋತಾನ, ನೀ ಸುಮ್ನಿರು."

ನಮ್ಮ ಲಂಬಾಣಿ ಮಾತಿನಲ್ಲಿ ಅಂದದ್ದು. ಕನ್ನಡದಲ್ಲಿ ಬರೆದರೆ ಖಾರ ಇಳಿಯುತ್ತದೆ.

ನಮ್ಮ ಕುಲಗುರು ಸೇವಾಲಾಲನೂ ನೋಡಿಕೊಳ್ಳಲಿ. ನಾನೂ ನೋಡಿಕೊಳ್ಳುತ್ತೇನೆ.

ಫೆಬ್ರವರಿ 12, ಸೋಮವಾರ

ದಾಂಡೇಲಿಗೆ ಹೋಗಿ ಬಂದೆ.

ಅಂಗಡಿಯ ಗಾಜಿನ ಮೇಲೆ ನನ್ನದೇ ಫೋಟೋ. ಕೊರಳಲ್ಲಿ ಬೆಳ್ಳಿ, ಪಕ್ಕದಲ್ಲಿ ಹಳದಿ ಮುಚ್ಚಳದ ಡಬ್ಬಿ. ಕೆಳಗೆ "ಇವರ ಶಕ್ತಿಯ ಗುಟ್ಟು" ಎಂದು ಕೆಂಪು ಅಕ್ಷರ. ಯಾವಾಗ ಹಚ್ಚಿದನೋ, ನನ್ನನ್ನು ಕೇಳಿರಲಿಲ್ಲ.

"ಅಣ್ಣಾ, ಪುಡಿಯಾಗ ಏನ ಕಲಸಿದ್ದಿ?"

ಗಿರಾಕಿಗಳಿದ್ದರು. ಅವನು ನಕ್ಕ. "ನಾ ಏನ ಕಲಸ್ಲಿ? ಕಂಪನಿ ಮಾಲು. ಡಬ್ಬಿ ಮ್ಯಾಲ ಏನ ಬರದೈತಿ ಅದ ಒಳಗ ಇರತೈತಿ. ನೀ ಮತ್ತೆಲ್ಲೆ ಏನೇನ ನುಂಗೀದಿ ನನಗೇನ ಗೊತ್ತು?"

"ನೀ ಆಣಿ ಮಾಡಿದ್ದಿ."

"ಆಣಿಗೆ ರಸೀದಿ ಕೊಟ್ಟೇನೇನು?"

ಗಿರಾಕಿಗಳೂ ನಕ್ಕರು. ಫೋಟೋ ಕಡೆ ಬೆರಳು ಮಾಡಿ ಅದನ್ನಾದರೂ ತೆಗಿ ಅಂದೆ. "ನೀ ಹೇಳಬೇಕಾಗಿಲ್ಲ. ಈಗ ಇದನ್ನ ನೋಡಿದ್ರ ಬರೂ ಗಿರಾಕೀನೂ ಹೊಳ್ಳಿ ಹೋಗ್ತಾವು" ಎಂದು ಉಗುರಿನಿಂದ ಕೆರೆಯತೊಡಗಿದ. ಅರ್ಧ ಬಂತು. ಕೊರಳು ಮತ್ತು ಪದಕ ಗಾಜಿನ ಮೇಲೇ ಉಳಿಯಿತು, ಮುಖ ಅವನ ಉಗುರಿನಲ್ಲಿ.

ಫೆಬ್ರವರಿ 13, ಮಂಗಳವಾರ

ಅವನನ್ನು ಚಿತ್ ಮಾಡಬೇಕು. ಬೆನ್ನು ನೆಲಕ್ಕೆ ಹತ್ತಿದ್ದನ್ನು ದಾಂಡೇಲಿಯೆಲ್ಲ ನೋಡಬೇಕು. ಬೇರೆ ಏನೂ ಬರೆಯಲು ತೋಚುವುದಿಲ್ಲ.

ಫೆಬ್ರವರಿ 20, ಮಂಗಳವಾರ

ಇವತ್ತು ಅನ್ನ ರುಚಿಸಿತು.

ಮಧ್ಯಾಹ್ನ ಅಂಗಡಿಯಲ್ಲಿ ಜನ ತುಂಬಿದ ಹೊತ್ತು ನೋಡಿಯೇ ಹೋದೆ. ಒಂದೂ ಮಾತಾಡಲಿಲ್ಲ. ಡಬ್ಬಿಗಳ ಕಪಾಟು ನನ್ನೆದೆಯಷ್ಟು ಎತ್ತರ. ಎದುರಾಳಿಯ ನಡು ಹಿಡಿದ ಹಾಗೆ ಹಿಡಿದು, ಹೆಗಲ ಮೇಲಿಂದ ಒಗೆಯುವ ಧೋಬಿ ಪಟ್ಟು ಹಾಕಿದೆ. ಬಿದ್ದ ಸದ್ದಿಗೆ ಎದುರಿನ ಚಹಾದಂಗಡಿಯವರು ಎದ್ದು ನಿಂತರು. ಆಮೇಲೆ ಒಂದೊಂದೇ ಡಬ್ಬಿ ಒಡೆದು ರಸ್ತೆಗೆ ಸುರಿದೆ. ಚಾಕೊಲೇಟ್ ವಾಸನೆ, ವೆನಿಲಾ ವಾಸನೆ. ಗಟಾರದ ನೀರು ಬೆಳ್ಳಗಾಯಿತು. ಒಂದು ನಾಯಿ ಮೂಸಿ ನೋಡಿ ಬಿಟ್ಟು ಹೋಯಿತು.

ಅಜಯ ದೂರ ನಿಂತೇ ಒದರಿದ. "ಹುಚ್ಚ ಹಿಡದೈತಿ ಈಕಿಗೆ! ಯಾರರ ಹಿಡೀರಿ!" ಯಾರೂ ಹಿಡಿಯಲಿಲ್ಲ. "ಪೊಲೀಸರನ್ನ ಕರಿ" ಅಂದೆ. ಕರೆಯಲಿಲ್ಲ. ಪೊಲೀಸರು ಬಂದರೆ ನನ್ನ ಜೊತೆಗೆ ಡಬ್ಬಿಗಳನ್ನೂ ನೋಡುತ್ತಾರೆ ಎಂಬುದು ಅವನಿಗೆ ಗೊತ್ತು.

ಬಸ್ಸಿನಲ್ಲಿ ಬರುವಾಗ ಕೈಗೆ ಹತ್ತಿದ್ದ ಪುಡಿ ಒರೆಸಿಕೊಳ್ಳಲೇ ಇಲ್ಲ. ಇರಲಿ ಅನ್ನಿಸಿತು.

ಫೆಬ್ರವರಿ 22, ಗುರುವಾರ

ವಸ್ತಾದರು ತಾಂಡಾಕ್ಕೆ ಬಂದಿದ್ದರು. ಬಿಸಿಲಲ್ಲಿ ಬಂದು ನೀರು ಕುಡಿದು, ಮುಖ ಅರಳಿಸಿಕೊಂಡು ಹೇಳಿದರು. "ದಾರಿ ಐತವ್ವಾ. ದಿಲ್ಲಿ ವಕೀಲರನ್ನ ಕೇಳೇನಿ. ಪುಡಿಯಾಗ ಮೊದಲ ಕಲಬೆರಕಿ ಇತ್ತು, ನಿನಗ ಗೊತ್ತಿರಲಿಲ್ಲ ಅಂತ ತೋರಸಿದ್ರ ನಾಕ ವರ್ಷದ ಶಿಕ್ಷಾ ಇಳೀತೈತಿ. ಅದ ಖೇಪಿನ, ನೀ ತಿಂದ ಮಾಲಿನ ಜೋಡೀನ ತಯಾರಾದ, ಒಂದ ಸೀಲ್ ಒಡೀಲಾರದ ಡಬ್ಬಿ ಬೇಕು. ಲ್ಯಾಬಿಗೆ ಕಳಸೂಣು. ಒಂದ ಸಾಕು."

ನಾನು ಅವರು ಕುಡಿದಿಟ್ಟ ಚೊಂಬು ಎತ್ತಿಕೊಂಡು ಒಳಗೆ ಹೊರಟೆ.

"ಯಾಕ?"

ಹೇಳಿದೆ. ಅವರು ತಲೆಯ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

"ಎಲ್ಲಾ ಒಡದಿ?"

"ಎಲ್ಲಾರಿ."

"ಸಿಟ್ಟಿನಾಗ ಪಟ್ಟು ಹಾಕಬ್ಯಾಡಂತ ಎಷ್ಟ ಸಲ ಹೇಳೇನಿ ನಿನಗ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 23, ಶುಕ್ರವಾರ

ನನ್ನ ಸಾಕ್ಷಿಯನ್ನು ನಾನೇ ಗಟಾರಕ್ಕೆ ಸುರಿದೆ. ಅದೂ ಅವನ ಲೆಕ್ಕಕ್ಕೇ ಸೇರಲಿ.

ಮಾರ್ಚ್ 1, ಶುಕ್ರವಾರ

ಗೋವಿನಜೋಳದ ತೆನೆ ಬಿಡಿಸುತ್ತಿದ್ದಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದೆನಂತೆ. ಯಾಡಿ ಟಿಬೇಟಿ ಕ್ಯಾಂಪಿನ ದವಾಖಾನೆಗೆ ಎಳೆದೊಯ್ದಳು. ಡಾಕ್ಟರ ಬಾಯಾರು ಕಣ್ಣ ರೆಪ್ಪೆ ಕೆಳಗೆಳೆದು ನೋಡಿ ರಕ್ತ ತೆಗೆಸಿದರು. ಮೈಯಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಹೊಸದಾಗಿ ಆದದ್ದಲ್ಲ, ವರ್ಷಗಟ್ಟಲೆ ಹಾಗೇ ಇದ್ದಿರಬೇಕು ಅಂದರು. ಗುಳಿಗೆ ಬರೆದುಕೊಟ್ಟರು.

ಗುಳಿಗೆ ಅಂದ ಕೂಡಲೇ ನಾನು ಕುರ್ಚಿಯಿಂದ ಎದ್ದೆ. "ನನಗ ಯಾವ ಗುಳಿಗೀನೂ ಬ್ಯಾಡ್ರಿ. ಗುಳಗೀನ ನನ್ನ ಮುಳುಗಿಸ್ಯಾವ." ನಡೆದದ್ದೆಲ್ಲ ಹೇಳಿದೆ. ಅವರು ನಗಲಿಲ್ಲ. ಕೂರಿಸಿಕೊಂಡು ಕೇಳಿದರು.

"ಅವನ ವಿಟಮಿನ್ ನುಂಗೂ ಮುಂದ ಮೂತ್ರ ಅರಿಷಿಣದಂಗ ಆಗ್ತಿತ್ತು, ಹೌದಲ್ಲ?"

"ಹೌದ್ರಿ. ತಾಕತ್ತ ಹತ್ತಾಕತ್ತೈತಿ ಅಂತಿದ್ದ."

"ತಾಕತ್ತಲ್ಲ, ಬ್ಯಾಡಾದ್ದನ್ನ ಮೈ ಹೊರಗ ಹಾಕ್ತಿತ್ತು. ಕೆಲವು ಹೊರಗ ಹೋಗದ ಒಳಗ ಕುಂತು ತ್ರಾಸ ಕೊಡ್ತಾವ. ನಿನಗ ಏನ ಕಡಿಮಿ ಐತಿ ಅಂತ ಅವ ನೋಡಲೇ ಇಲ್ಲ. ನಾ ನೋಡಿ ಕೊಡಾಕತ್ತೇನಿ. ಇದು ಕಬ್ಬಿಣ, ಕುಸ್ತಿಯವರೂ ತಗೋಬಹುದು. ತುಂಬಿದ ಮ್ಯಾಲ ಬಿಡು. ಉಳದದ್ದು ನಿಮ್ಮವ್ವನ ಒಲಿ ಮ್ಯಾಲೇ ಐತಿ, ಸೊಪ್ಪು, ಕಾಳು, ತತ್ತಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಷ್ಟು ಬಣ್ಣದ ಗುಳಿಗೆ ನುಂಗಿಸಿದನಲ್ಲ, ನನಗೆ ಬೇಕಾದದ್ದು ಒಂದರಲ್ಲೂ ಇರಲಿಲ್ಲ! ಬೇಡವಾದದ್ದೆಲ್ಲ ಇತ್ತು. ಪುಡಿಯಲ್ಲಿ ಮೋಸ, ಗುಳಿಗೆಯಲ್ಲೂ ಮೋಸ. ಸಿಟ್ಟು ಇಳಿಯುತ್ತಿದೆ ಅಂದುಕೊಂಡಿದ್ದೆ, ಇವತ್ತು ದುಪ್ಪಟ್ಟಾಯಿತು.

ಮಾರ್ಚ್ 6, ಬುಧವಾರ

ಶಿಬಿರಕ್ಕೆ ನನ್ನ ಜಾಗದಲ್ಲಿ ಸುಮಿತಾ ಹೋಗುತ್ತಾಳೆ. ಫೋನಿನಲ್ಲಿ ಅವಳ ಫೋಟೋ ಬಂದಿದೆ. ಕೊರಳಿಗೆ ಹಾರ, ಅವಳ ಅವ್ವ ಕಾಶೆವ್ವ ಪೇಢೆ ತಿನ್ನಿಸುತ್ತಿದ್ದಾಳೆ. ಹಿಂದೆ ಗೋಡೆಯ ಮಾಡದಲ್ಲಿ ದೇವರ ಪಕ್ಕ ಎರಡು ಡಬ್ಬಿ. ಹಳದಿ ಮುಚ್ಚಳ.

ಬಹಳ ಹೊತ್ತು ನೋಡಿದೆ. ಅವಳೂ ಕುಡಿಯುತ್ತಿದ್ದಾಳೆ. ಶಿಬಿರದಲ್ಲಿ ಪರೀಕ್ಷೆ ಇದ್ದೇ ಇರುತ್ತದೆ.

ನಾನು ಹೇಳುವುದಿಲ್ಲ. ನನಗ್ಯಾರು ಹೇಳಿದ್ದರು? ಬಾಗಿಲಲ್ಲಿ ಮುಖ ತಿರುಗಿಸಿದ್ದಳಲ್ಲ, ಅವಳಿಗೂ ಒಬ್ಬರು ಹಾಗೇ ತಿರುಗಿಸಲಿ.

ಮಾರ್ಚ್ 13, ಬುಧವಾರ

ಅಜಯನ ಫೋನು ಬಂತು. ದನಿ ಬೆಲ್ಲ.

"ತಂಗಿ, ನಿನಗ ಒಂದ ಡಬ್ಬಿ ಬೇಕಂತಲ್ಲ. ಗೋದಾಮಿನಾಗ ಒಂದ ಉಳದೈತಿ, ಅದ ಖೇಪಿಂದು. ಕೊಡ್ತೇನಿ. ಆದ್ರ ಎಲ್ಲಿಂದರ ಆನ್‌ಲೈನ್ ತರಿಸಿದ್ದೆ ಅಂತ ಹೇಳಬೇಕು. ನನ್ನ ಹೆಸರ ಎತ್ತೂ ಹಂಗಿಲ್ಲ. ಫೋನಿನಾಗ ಒಂದ ವಿಡಿಯೋ ಮಾಡೂಣು, ಮುಗೀತು."

"ಬರ್ತೇನಿ" ಅಂದೆ.

ಹೋಗುತ್ತೇನೆ. ಅವನು ಹೇಳಿದ ಹಾಗೇ ವಿಡಿಯೋದಲ್ಲಿ ಹೇಳುತ್ತೇನೆ, ಡಬ್ಬಿ ಕೈಗೆ ಬರಲಿ. ಬಂದ ಮೇಲೆ ದಿಲ್ಲಿಯವರ ಮುಂದೆ ಅವನ ಹೆಸರು, ಅವನಪ್ಪನ ಹೆಸರು, ಊರು, ಓಣಿ ಎಲ್ಲ ಹೇಳುತ್ತೇನೆ. ಆಣೆ ಮಾಡಿ ಮುರಿಯುವುದನ್ನು ಅವನಿಂದಲೇ ಕಲಿತದ್ದು. ಇವತ್ತು ಮನಸ್ಸಿಗೆ ಎಷ್ಟು ಹಗುರ!

ಮಾರ್ಚ್ 15, ಶುಕ್ರವಾರ

ನಡೆದದ್ದನ್ನು ಸಾಲಾಗಿ ಬರೆಯುತ್ತೇನೆ.

ಅಂಗಡಿಯಲ್ಲಿ ಹೊಸ ಕಪಾಟು, ಹೊಸ ಡಬ್ಬಿ. ನನಗಾಗಿ ಒಂದು ಡಬ್ಬಿ ಮೇಜಿನ ಮೇಲೆ ತೆಗೆದಿಟ್ಟಿದ್ದ, ಸೀಲ್ ಹಾಗೇ ಇತ್ತು. ಫೋನು ನಿಲ್ಲಿಸಿದ. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವನೇ ಖುಷಿಯಲ್ಲಿ ಮಾತಾಡತೊಡಗಿದ.

"ಛಲೋ ಹೇಳ ಮತ್ತ. ಈ ಅಂಗಡಿ ಮಾಲು ಅಗದೀ ಶುದ್ಧ ಅಂತನೂ ಸೇರಿಸು. ಹಳಿಯಾಳದ ಹುಡುಗ್ಯಾರಿಗೆ ಕಳಸ್ತೇನಿ. ನಿನ್ನ ಸಲುವಾಗಿ ಎಲ್ಲಾರೂ ಅಂಜ್ಯಾರ. ಸುಮಿತಾ ಸೈತ ನಿನ್ನಿ ಫೋನ್ ಮಾಡಿ ಕುಡೀಲೋ ಬಿಡಲೋ ಅಂತಿದ್ಲು. ಶಿಬಿರಕ್ಕ ಹೋಗೂಕಿಂತ ಸ್ವಲ್ಪ ಮೊದಲ ಬಿಡು, ಅಲ್ಲೀತನಕ ಕುಡಿ ಅಂದೇನಿ."

"ಮೊದಲ ಬಿಡು ಅಂತ ಯಾಕ ಹೇಳಿದಿ?"

ಅವನು ಫೋನು ಸರಿಮಾಡುವ ನೆವದಲ್ಲಿ ಆಚೆ ತಿರುಗಿದ. ಪುಡಿಯಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು. ನಾನು ಕೇಳಿದ ದಿನವೂ ಗೊತ್ತಿತ್ತು, ಆಣೆ ಮಾಡುವಾಗಲೂ ಗೊತ್ತಿತ್ತು.

ಗಾಜಿನ ಮೇಲೆ ನನ್ನ ಮುಖ ಹಚ್ಚಿ ಒಂದು ಸಲ ಮಾರಿದ. ಈಗ ನನ್ನ ಬಾಯಿಯಿಂದ ಮಾರಬೇಕಂತೆ. ಡಬ್ಬಿ ಅಲ್ಲೇ ಬಿಟ್ಟು ಹೊರಗೆ ಬಂದೆ. "ಡಬ್ಬಿ ಬ್ಯಾಡೇನು? ನಾಕ ವರ್ಷ ಮನ್ಯಾಗ ಕುಂಡರು ಹಂಗಾರ!" ಎಂದು ಹಿಂದಿನಿಂದ ಒದರಿದ.

ನಮ್ಮೂರ ಕಡೆ ಹೋಗುವ ಮುಂಡಗೋಡದ ಬಸ್ಸು ನಿಂತಿತ್ತು. ಹತ್ತಲಿಲ್ಲ. ಹಳಿಯಾಳದ ಬಸ್ಸು ಹತ್ತಿದೆ. ಸುಮಿತಾ ಗೆಲ್ಲುವುದು ಬಿಡುವುದು ಬೇರೆ ಮಾತು. ಇವನಿಗೆ ಇನ್ನೊಂದು ಗಿರಾಕಿ ಸಿಗಬಾರದು, ಅದಕ್ಕೇ ಹೋದದ್ದು.

ಕಾಶೆವ್ವ ಬಾಗಿಲು ತೆಗೆದಳು. "ಬಾರವ್ವಾ" ಅಂದಳು, ಆದರೆ ಬಾಗಿಲಿನಿಂದ ಸರಿಯಲಿಲ್ಲ. ಸುಮಿತಾ ಹಿಂದಿನಿಂದ ಬಂದಳು.

"ಯಾಕ ಬಂದಿ ಅಕ್ಕಾ?"

"ಆ ಪುಡಿ ಕುಡೀಬ್ಯಾಡ."

"ನನ್ನ ಶಿಬಿರ ತಪ್ಪಲಿ ಅಂತ ಬಂದಿ. ನಿಂಗ ಸಿಗಲಾರದ್ದು ನನಗೂ ಸಿಗಬಾರದು, ಹೌದಿಲ್ಲೋ?"

"ಹೌದು. ನೀ ಸೋಲಬೇಕು. ಆದ್ರ ನನ್ನ ಕೈಯಾಗ ಸೋಲಬೇಕು, ಅವನ ಡಬ್ಬಿ ಕೈಯಾಗಲ್ಲ."

ಅಜಯ ಅಂದದ್ದನ್ನು ಅವನ ಮಾತಿನಲ್ಲೇ ಹೇಳಿದೆ. "ಮೊದಲ ಬಿಡು" ಅಂದದ್ದು ನಿನಗೆ ನಿನ್ನೆ ಹೇಳಿದ್ದೇ ಅಲ್ಲವೇ ಎಂದು ಕೇಳಿದೆ. ಅವಳ ಮುಖ ಇಳಿಯಿತು. ಕಾಶೆವ್ವನೇ ಒಳಗೆ ಹೋಗಿ ಮಾಡದಿಂದ ಎರಡೂ ಡಬ್ಬಿ ತಂದು ಹೊಸ್ತಿಲ ಮೇಲೆ ಇಟ್ಟಳು. ಒಂದು ಒಡೆದದ್ದು. ಒಂದಕ್ಕೆ ಸೀಲ್ ಹಾಗೇ ಇತ್ತು.

"ದೇವರ ಮಗ್ಗಲ ಇಟ್ಟಿದ್ನೆಲ್ಲವ್ವಾ ನಾ ಇದನ್ನ" ಅಂದಳು ಕಾಶೆವ್ವ.

ಡಬ್ಬಿಯ ತಳದಲ್ಲಿದ್ದ ಖೇಪಿನ ಅಂಕಿಯನ್ನು ಫೋನಿನಲ್ಲಿದ್ದ ನನ್ನ ಖಾಲಿ ಡಬ್ಬಿಯ ಫೋಟೋದ ಜೊತೆ ಹೋಲಿಸಿ ಸುಮಿತಾ ಮತ್ತು ನಾನು ತಲೆಗೆ ತಲೆ ಹಚ್ಚಿ ಓದಿದೆವು. ಅದೇ ಖೇಪು.

ಏಪ್ರಿಲ್ 1, ಸೋಮವಾರ

ಸುಮಿತಾ ವಸ್ತಾದರಿಗೆ ತಾನೂ ಕುಡಿದದ್ದನ್ನು ಹೇಳಿದಳು. ಶಿಬಿರಕ್ಕೆ ಹೋಗಲಿಲ್ಲ. ಬೆಳಗಾವಿ ಕಡೆಯ ಯಾರೋ ಒಬ್ಬಳು ಹೋದಳು. ಡಬ್ಬಿ ಲ್ಯಾಬಿಗೆ ಹೋಗಿದೆ. ಎಲ್ಲಿ ಕೊಂಡದ್ದು ಎಂದು ಬರೆದು ಸುಮಿತಾ ತನ್ನ ಸಹಿ ಹಾಕಿದ್ದಾಳೆ, ಅಜಯನ ಹೆಸರು ಸಹಿತ.

ಅವಳಿಗೆ ಶಿಬಿರ ತಪ್ಪಿದ್ದಕ್ಕೆ ನನಗೆ ಖುಷಿಯಾಗಬೇಕಿತ್ತು. ಆ ಸುದ್ದಿ ಬಂದ ದಿನ ಜೋಳ ಹಸನು ಮಾಡುವ ಕೆಲಸ ಬಹಳ ಇತ್ತು, ಖುಷಿಪಡಲು ಪುರುಸೊತ್ತಾಗಲಿಲ್ಲ.

ಏಪ್ರಿಲ್ 14, ರವಿವಾರ

ಸುಮಿತಾ ಬಸ್ಸು ಹಿಡಿದು ಬಂದಿದ್ದಳು. ನಾನು ತಾಲೀಮಿಗೆ ಹೋಗುವ ಹಾಗಿಲ್ಲ ತಾನೆ. ನಮ್ಮ ಹೊಲದಲ್ಲಿ ಮಣ್ಣು ಹದ ಮಾಡಿ ಆಡಿದೆವು. ಅವಳನ್ನು ಮೂರು ಸಲ ಒಗೆದೆ. ನಾಲ್ಕನೆಯದಕ್ಕೆ ಅವಳು ನನ್ನನ್ನು ಒಗೆದಳು. ಯಾಡಿ ಇಬ್ಬರಿಗೂ ತತ್ತಿ ಕುದಿಸಿಟ್ಟಿದ್ದಳು. ಕಬ್ಬಿಣದ ಗುಳಿಗೆ ನುಂಗುತ್ತಿದ್ದೇನೆ. ಏಣಿ ಹತ್ತಿದರೆ ಉಸಿರು ಕಟ್ಟುವುದು ನಿಂತಿದೆ.

ಮೇ 9, ಗುರುವಾರ

ತೀರ್ಪು ಬಂತು. ವಸ್ತಾದರ ಮನೆಯಲ್ಲಿ ಫೋನಿನ ಮುಂದೆ ಕೂತು ಕೇಳಿದೆವು. ಡಬ್ಬಿಯಲ್ಲಿ ಸ್ಟೀರಾಯ್ಡ್ ಇತ್ತು, ಡಬ್ಬಿಯ ಮೇಲೆ ಬರೆದಿರಲಿಲ್ಲ. ನಾಲ್ಕು ವರ್ಷ ಆಗಬೇಕಾದದ್ದು ಒಂದು ವರ್ಷ ಆಗಿದೆ. ಬೆಳ್ಳಿ ಮಾತ್ರ ಹೊಳ್ಳಿ ಕೊಡಬೇಕು.

ವಸ್ತಾದರು ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ. ಬೆಳ್ಳಿ ನಾನು ಗೆದ್ದದ್ದು. ತಾಲೀಮಿನ ಮಣ್ಣಲ್ಲಿ ಬಿದ್ದೆದ್ದವಳು ನಾನು. ಅದನ್ನು ಅವನು ತಿಂದ.

ಮೇ 14, ಮಂಗಳವಾರ

ದಾಂಡೇಲಿಯ ಅಂಗಡಿಗೆ ಅಧಿಕಾರಿಗಳು ಬೀಗ ಜಡಿದು ಅರಗು ಹಾಕಿದರು. ನೋಡಲೆಂದೇ ಹೋಗಿದ್ದೆ. ಎದುರಿನ ಚಹಾದಂಗಡಿಯಲ್ಲಿ ಮುಂಜಾನೆಯಿಂದ ಕೂತಿದ್ದೆ. ಈ ದಿನವನ್ನು ಎಷ್ಟು ಸಲ ಮನಸ್ಸಿನಲ್ಲಿ ನೋಡಿದ್ದೆನೋ! ಅವನು ಅಳಬೇಕು, ಜನ ಉಗಿಯಬೇಕು. ಹಾಗೇನೂ ಆಗಲಿಲ್ಲ. ನಾಲ್ಕು ಮಂದಿ ನಿಂತು ನೋಡಿ ಹೋದರು. ಅಜಯ ಚಪ್ಪಲಿ ಹುಡುಕಿ ಹಾಕಿಕೊಂಡು ಜೀಪಿನ ಕಡೆ ನಡೆದ. ನನ್ನನ್ನು ಕಂಡು ನಿಂತ.

"ಸಮಾಧಾನ ಆತೇನ ತಂಗಿ?"

"ಇಲ್ಲ."

"ಇನ್ನೇನ ಬೇಕ ನಿನಗ?"

"ಮತ್ತ ಯಾರ್ಯಾರಿಗೆ ಕೊಟ್ಟಿ?"

ಅವನು ನಕ್ಕ, ಮೊದಲಿನ ಹಾಗೆಯೇ. "ಅಣಶಿ ತನಕ ಹೋಗ್ಯಾವ. ಅನಮೋಡ ತನಕ ಹೋಗ್ಯಾವ. ಓಡೂ ಹುಡುಗ್ಯಾರು, ಪೊಲೀಸ್ ಭರ್ತಿ ಹುಡುಗರು. ಹುಡುಕ್ಕೋತ ಹೋಗು, ಜಲ್ಮ ಸಾಲೂದಿಲ್ಲ."

ಸಾಲುತ್ತದೆ. ಒಂದು ವರ್ಷ ನನಗೆ ಬೇರೆ ಏನು ಕೆಲಸವಿದೆ? ಅವನು ಮಾರಿದ ಒಂದು ಡಬ್ಬಿಯೂ ಒಂದು ಮನೆಯಲ್ಲೂ ಉಳಿಯಬಾರದು. ಜೀಪು ತಿರುವಿನಲ್ಲಿ ಮರೆಯಾಗುವ ಮೊದಲೇ ನಾನು ಸುಮಿತಾಗೆ ಫೋನು ಹಚ್ಚಿದ್ದೆ.

ಮೇ 23, ಗುರುವಾರ. ಅಣಶಿ

ಇಲ್ಲಿ ಕಾಡಿನಂಚಿನ ಮನೆ, ಗೋದುಬಾಯಿ ಎಂಬಾಕೆಯದು. ಮಗಳು ಪೂರ್ಣಿಮಾ ಓಟಗಾರ್ತಿ, ರಾಜ್ಯಮಟ್ಟಕ್ಕೆ ಹೊರಟವಳು. ಡಬ್ಬಿ ಕೊಡಲು ಮೊದಲು ಒಪ್ಪಲಿಲ್ಲ. "ಇದನ್ನ ಬಿಟ್ರೆ ನಾನು ಹಿಂದೆ ಬೀಳ್ತೆ" ಎಂದು ಎದೆಗೆ ಅವಚಿಕೊಂಡಳು. ನಾನೂ ಒಂದು ಕಾಲಕ್ಕೆ ಹೀಗೇ ಅವಚಿಕೊಂಡಿದ್ದೆ. ಸುಮಿತಾ ಅವಳ ಜೊತೆ ಅಂಗಳದಲ್ಲಿ ಕೂತಳು, ನಾನು ನನ್ನ ಕಥೆ ಹೇಳಿದೆ. ತೀರ್ಪು ತೋರಿಸಿದೆ. ಮೊದಲು ದವಾಖಾನೆಗೆ ಹೋಗಿ ರಕ್ತ ನೋಡಿಸಿಕೋ, ಏನು ಕಡಿಮೆ ಇದೆಯೋ ಅದನ್ನೇ ತಿನ್ನು ಅಂದೆ. ಡಾಕ್ಟರ ಬಾಯಾರ ಫೋನ್ ನಂಬರು ಬರೆದುಕೊಟ್ಟೆ.

ಬಹಳ ಹೊತ್ತಾದ ಮೇಲೆ ಡಬ್ಬಿ ನನ್ನ ಕೈಗೆ ಬಂತು. ಮುಕ್ಕಾಲು ತುಂಬಿತ್ತು. ತಿಪ್ಪೆಗೆ ಸುರಿದು, ಡಬ್ಬಿ ಕಾಲಿಂದ ತುಳಿದು ಚಪ್ಪಟೆ ಮಾಡಿದೆ. ಆ ಸದ್ದು ಕೇಳಲು ಎಷ್ಟು ದೂರ ಬೇಕಾದರೂ ಬರಬಹುದು.

ಗೋದುಬಾಯಿ ಕೊಂಕಣಿಯವಳು, ನನ್ನ ಮಾತು ಪೂರ್ತಿ ತಿಳಿದಿತ್ತೋ ಇಲ್ಲವೋ. ನಮ್ಮನ್ನು ಉಣ್ಣದೆ ಕಳಿಸಲಿಲ್ಲ. ಹೊರಡುವಾಗ ನನ್ನ ಎರಡೂ ಕೈ ಹಿಡಿದು "ದೇವ ಬರೆಂ ಕರೊ" ಅಂದಳು. ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು. ಆಕೆಗೇನು ಗೊತ್ತು, ನಾನು ಬಂದದ್ದು ಒಳ್ಳೆಯದು ಮಾಡಲಿಕ್ಕಲ್ಲ, ಸೇಡು ತೀರಿಸಿಕೊಳ್ಳಲಿಕ್ಕೆ.

ಅನಮೋಡದಲ್ಲಿ ಪೊಲೀಸ್ ಭರ್ತಿಗೆ ತಯಾರಾಗುವ ಅಣ್ಣತಮ್ಮಂದಿರಿದ್ದಾರಂತೆ, ಅವರ ಮನೆಯಲ್ಲಿ ನಾಲ್ಕು ಡಬ್ಬಿ. ನಾಳೆ ಮೊದಲ ಬಸ್ಸಿಗೇ ಹೋಗಬೇಕು, ಅವರು ಮುಂಜಾನೆಯದನ್ನು ಕುಡಿಯುವುದರೊಳಗೆ.